ಎದುರು ಮನೆಯಲ್ಲಿ ಅಮ್ಮನ ಎಲೆ

ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವಾಗ ನನಗೂ ಒಂದು ಎಲೆ ಹಾಕು, ಬಾಗಿಲು ಮುಚ್ಚಿ ಹೊರಗೆ ನಿಲ್ಲು, ಎಲ್ಲರೂ ಬಾಯಿ ನೋಡುತ್ತಾ ಕೂತರೆ ನನಗೆ ಅನ್ನ ಇಳಿಯುವುದಿಲ್ಲ ಮಾರಾಯ್ತಿ, ಎಂದು ಮಂಗಳೂರಿನ ಆಸ್ಪತ್ರೆಯಲ್ಲಿ ಅಮ್ಮ ನಗುತ್ತಲೇ ಹೇಳಿದ್ದಳು, ಹಾಕುತ್ತೇನಮ್ಮ ಎಂದಿದ್ದೆ — ಲಿಫ್ಟಿನೊಳಗೂ ಊದುಬತ್ತಿ ವಾಸನೆ, ನಮ್ಮ ಮಹಡಿಯದೇ, ಎದುರು ಮನೆಯವಳದೇ — ಅಮ್ಮ ಹೋದ ಮೇಲೆ ಇದು ಮೂರನೇ ಆಟಿ, ಈ ಸಲವೂ ಊರಿಗೆ ಹೋಗಲು ರಜೆ ಮಾಫಿ, ಇಲ್ಲವೇ ಇಲ್ಲ, ಇಲ್ಲಿ ಗಲ್ಫಿನಲ್ಲಿ, ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನಲ್ಲಿ ಬೇರಿಂಗ್ ಎಣಿಸುವವಳಿಗೆ ಯಾವ ಆಟಿ, ಆದರೂ ಇವತ್ತು ಅರ್ಧ ದಿನಕ್ಕೇ ಓಡಿ ಬಂದೆ, ಯಾಕೆಂದರೆ ಬೆಳಿಗ್ಗೆ ಕಪಾಟಿನಲ್ಲಿ ಅಮ್ಮನ ಫೋಟೋ ಇರಲಿಲ್ಲ. ನಿನ್ನೆ ಸಂಜೆ ಎದುರು ಮನೆಯ ಗೈಕ್ ಲಾನ್ ಆಂಟಿ ಕೇಳಿದ್ದಳಲ್ಲ, ನಿನ್ನ ತಾಯಿಯ ಹೆಸರೇನು, ಏನು ತಿನ್ನಲು ಇಷ್ಟ ಎಂದು, ಹೆಸರು ಚೆನ್ನು, ಇಷ್ಟ ಬಂಗುಡೆ ಮೀನು, ಎಂದುಬಿಟ್ಟೆ, ಪೆದ್ದಿ ನಾನು, ಹೆಸರು ಮತ್ತು ಫೋಟೋ, ಮಾಟಕ್ಕೆ ಇನ್ನೇನು ಬೇಕು. ಶಾಲೆಗೆ ರಜೆ, ಗಂಡ ಯಜ್ಞೇಶ್ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನ ಶಿಫ್ಟಿನಲ್ಲಿ, ಮಗಳನ್ನು ಆಂಟಿಯ ಮನೆಯಲ್ಲಲ್ಲದೆ ಮತ್ತೆಲ್ಲಿ ಬಿಡಲಿ, ಆಫೀಸಿನ ದೇಜಪ್ಪಣ್ಣನಿಗೆ ತಮಾಷೆ, ಎಂತ ತಂಗಿ, ಮಗಳು ಈಗ ಕಡ್ಡಿಯಲ್ಲಿ ಗಂಜಿ ಉಣ್ತಾಳಂತೆ ಹೌದಾ. ಆಂಟಿಯನ್ನು ಚೀನಾದವರಾ ಎಂದು ಕೇಳಿದರೆ, ಅಲ್ಲ, ಮಲೇಷ್ಯಾ, ಪೆನಾಂಗ್, ಅಜ್ಜನ ಅಜ್ಜ ಹಡಗಿನಲ್ಲಿ ಬಂದವನು, ನಾನು ಚೀನಾ ಕಂಡೇ ಇಲ್ಲ ಎನ್ನುತ್ತಾಳೆ, ಡ್ರೈವರನ ಹತ್ತಿರ ಮಲಯ, ಮಗನ ಹತ್ತಿರ ಹೊಕ್ಕಿಯೆನ್, ನಮ್ಮ ಹತ್ತಿರ ಇಂಗ್ಲಿಷ್, ಗೋಡೆಯ ಕೆಂಪು ಕಾಗದದ ಚೀನೀ ಅಕ್ಷರ ಮಾತ್ರ ಅವಳಿಗೇ ಓದಲು ಬರುವುದಿಲ್ಲ, ಓದಲು ಬಾರದ ಅಕ್ಷರಕ್ಕೆ ಕೈ ಮುಗಿಯುವವಳನ್ನು ಹೇಗೆ ನಂಬುವುದು — ನನ್ನ ಮಗಳು ನಿಶ್ಮಿತಾಳಿಗೆ ಕನ್ನಡ ಓದಲು ಬರುವುದಿಲ್ಲ, ಊರು ಯಾವುದು ಎಂದರೆ ನಾವಿರುವ ಈ ಬಡಾವಣೆಯ ಹೆಸರು, ಅಲ್ ಥುಮಾಮಾ, ಎನ್ನುತ್ತಾಳೆ, ಅದು ಬೇರೆ, ಅದು ಬೇರೆಯೇ — ಅವರಿಗೂ ಇದು ಸತ್ತವರು ಬರುವ ತಿಂಗಳಂತೆ, ಅವರ ಪಂಚಾಂಗದ ಏಳನೆಯದು, ನನಗೆ ಗೊತ್ತಿರುವುದನ್ನೇ ತನ್ನದೂ ಎಂದು ಹೇಳಿ ಒಳಗೆ ಬರುವುದೊಂದು ಉಪಾಯ.

ಲಿಫ್ಟು ತೆರೆಯಿತು, ಹುಳಿಮುಂಚಿ ಸಾರಿನ ವಾಸನೆ, ಬಂಗುಡೆ, ಅವಳು ತನ್ನ ಮನೆಯ ಹೊರಗೇ ನಿಂತಿದ್ದಾಳೆ, ಮುಚ್ಚಿದ ಬಾಗಿಲ ಮುಂದೆ, ಮುಷ್ಟಿಯಲ್ಲಿ ಎರಡು ನಾಣ್ಯ, ಪಕ್ಕದಲ್ಲಿ ನನ್ನ ಮಗಳು, ಏನು ಮಾಡುತ್ತಿದ್ದೀರಿ, ಫೋಟೋ ಎಲ್ಲಿ, ನನ್ನ ದನಿ ಇಷ್ಟು ಜೋರೇ, ನಿಶ್ಮಿತಾ ತುಟಿಗೆ ಬೆರಳಿಟ್ಟು, ಶ್, ಅಮ್ಮಾ, ಡೋರ್ ತೆಗೀಬೇಡ, ಅಜ್ಜಿ ಊಟ ಮಾಡ್ತಿದ್ದಾರೆ, ನೀನೇ ಹೇಳಿದ್ದಲ್ಲ, ಯಾರೂ ನೋಡಬಾರ್ದು ಅಂತ, ನಿಂಗೆ ಲೀವ್ ಇಲ್ಲ ಅಂತ ನಾನೇ ಆಂಟಿಗೆ ಹೇಳಿದ್ದು, ಫೋಟೋ ತಂದದ್ದೂ ನಾನೇ. ಗೈಕ್ ಲಾನ್ ಆಂಟಿ ಸಂಕೋಚದಿಂದ, ನಾವು ಬಾಗಿಲು ಹಾಕುವುದಿಲ್ಲ, ನಾಣ್ಯ ಹಾರಿಸಿ ಉಂಡಿರಾ ಎಂದು ಕೇಳುತ್ತೇವೆ, ಇವಳು ನಿಮ್ಮ ಕ್ರಮ ಹೇಳಿದಳು, ನಿಮ್ಮ ತಾಯಿಯ ಫೋಟೋವನ್ನು ನನ್ನ ತಾಯಿಯ ಫೋಟೋ ಪಕ್ಕದಲ್ಲೇ ಇಟ್ಟಿದ್ದೇನೆ, ಬಾಳೆಎಲೆ ಲುಲು ಅಂಗಡಿಯದು, ತಪ್ಪಾಯಿತಾ. ಮುಚ್ಚಿದ ಬಾಗಿಲು, ಕಂದು ಬಣ್ಣದ್ದು, ನಮ್ಮದರಂತೆಯೇ, ಒಳಗೆ ಅಮ್ಮ, ಮೂರು ವರ್ಷದ ಹಸಿವು, ಬಾಗಿಲು, ನಾನು ಹೊರಗೆ, ಬಾಗಿಲು. ಒಳಗೆ ಎಲೆ ಇದೆ. ಹಾಕಿದ್ದು ನಾನಲ್ಲ. ಅಮ್ಮನಿಗೆ ಕೊಟ್ಟ ಮಾತನ್ನು ನಾನು ನಡೆಸಲಿಲ್ಲ.