ಸಂಪಿನ ಮೇಲೆ ನಿಂತ ಕಾರು

ಭಾನುವಾರ ಬೆಳಗ್ಗೆ ಮನೆ ಮಾಲೀಕ ಶ್ರೀನಿವಾಸ್ ಮೆಟ್ಟಿಲಿಳಿದು ಬಂದು, ನೀರಿನ ಟ್ಯಾಂಕರ್ ಇನ್ನೇನು ಬರುತ್ತದೆ, ಕಾರು ತೆಗೆಯಬೇಕು ಎಂದಾಗ ಕಿರಣಕುಮಾರ ಕಾರಿನಡಿಯಿಂದ ತಲೆ ಹೊರಹಾಕಿದ. ಕಾರಿನಿಂದ ಬಿಚ್ಚಿದ ಮುಂದಿನ ಎರಡು ಚಕ್ರಗಳೂ ಗೋಡೆಗೆ ಒರಗಿದ್ದವು. ಮೂತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲಿತ್ತು. ಇಂಜಿನ್ನಿನ ಶಕ್ತಿಯನ್ನು ಬಲಗಡೆಯ ಚಕ್ರಕ್ಕೆ ಒಯ್ಯುವ ಆ್ಯಕ್ಸಲ್ ಹಳೆಯ ಬೆಡ್‌ಶೀಟಿನ ಮೇಲೆ ಗ್ರೀಸ್ ಮೆತ್ತಿಕೊಂಡು ಮಲಗಿತ್ತು. ನೆಲದಡಿಯ ನೀರಿನ ಸಂಪಿನ ಮುಚ್ಚಳವೋ ಸರಿಯಾಗಿ ಕಾರಿನ ಹೊಟ್ಟೆಯ ಕೆಳಗೆ.

ಆ ಮುಚ್ಚಳ ಅವನಿಗೆ ನೆನಪೇ ಆಗಿರಲಿಲ್ಲ. ಕಾವೇರಿ ನೀರು ಪೈಪಿನಲ್ಲಿ ಬಂದು ತಾನೇ ಸಂಪಿಗೆ ಬೀಳುತ್ತಿತ್ತು, ಮುಚ್ಚಳ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಈ ವಾರ ನೀರು ಬಂದಿರಲಿಲ್ಲ.

ಕಲಬುರಗಿಯಿಂದ ಬಂದು ಸಿ.ವಿ. ರಾಮನ್ ನಗರದ ಈ ಗಲ್ಲಿಯಲ್ಲಿ ಬಾಡಿಗೆಗಿದ್ದ ಕಿರಣನಿಗೆ ಕಾರಿನ ಕೆಲಸ ಹೊಸದು. ತಿರುವಿನಲ್ಲಿ ಮುಂದಿನಿಂದ ಕಟಕಟ ಸದ್ದು ಬರತೊಡಗಿದಾಗ ಹೆಂಡತಿ ಸುಜಾತಾ ಗ್ಯಾರೇಜಿಗೆ ಬಿಡೋಣ ಎಂದಿದ್ದಳು. ಆತ ವಿಡಿಯೊಗಳನ್ನು ನೋಡಿ, ಸವೆದ ಆ್ಯಕ್ಸಲ್‌ಗಳನ್ನು ತಾನೇ ಬದಲಿಸುತ್ತೇನೆಂದು ಹಟ ಹಿಡಿದ. ಶನಿವಾರ ಎಡಗಡೆಯ ಆ್ಯಕ್ಸಲ್ ಸಲೀಸಾಗಿ ಕೂತಿತ್ತು. ಬಲಗಡೆಯದು ಬೆಳಗಿನಿಂದ ಗೇರ್‌ಬಾಕ್ಸಿನೊಳಗೆ ಹೋಗಲೊಲ್ಲದು. ಕೈ ಕೊಡಲೇ ಎಂದು ಸುಜಾತಾ ಒಮ್ಮೆ ಕೇಳಿದ್ದಕ್ಕೆ ಬೇಡವೆಂದು ಗದರಿದ್ದ. ಆಮೇಲೆ ಅವಳು ಮೇಲೆ ಮನೆಯಲ್ಲೇ ಉಳಿದಿದ್ದಳು.

ಗೇಟಿನ ಮುಂದೆ ಟ್ಯಾಂಕರ್ ಬಂದು ನಿಂತಾಗ ಬಿಲ್ಡಿಂಗಿನವರೆಲ್ಲ ಕೆಳಗಿಳಿದರು. ಚಕ್ರ ಸಿಕ್ಕಿಸಿ ಎಲ್ಲರೂ ಸೇರಿ ಪಕ್ಕಕ್ಕೆ ತಳ್ಳಿಬಿಡೋಣ ಎಂದರು ಶ್ರೀನಿವಾಸ್. ಆ್ಯಕ್ಸಲ್ ಇಲ್ಲದೆ ಚಕ್ರ ಉರುಳಿಸಿದರೆ ಬೇರಿಂಗ್ ಸಡಿಲಾಗಿ ಹಾಳಾಗುತ್ತದೆಂದು ಕಿರಣ ವಿವರಿಸಲು ಹೋದ. ಹೇಳುತ್ತಾ ಹೇಳುತ್ತಾ ಅವನ ಮಾತು ಅವನಿಗೇ ನೆಪದಂತೆ ಕೇಳಿಸಿತು.

"ಮನೆ ಮುಂದೆ ಗ್ಯಾರೇಜ್ ಇಡಬೇಡಿ ಅಂತ ಮೊದ್ಲೇ ಹೇಳ್ಬೇಕಿತ್ತು ನಾನು," ಎಂದರು ಶ್ರೀನಿವಾಸ್.

ಕೆಳಮನೆಯ ಖುರ್ಷೀದಾ ಮಾತ್ರ ಬೈಯಲಿಲ್ಲ. ಅವರ ಸೊಸೆಯ ತವರಿನವರು ಮಧ್ಯಾಹ್ನ ಊಟಕ್ಕೆ ಬರುವವರಿದ್ದರು, ಅಡುಗೆಮನೆಯಲ್ಲಿ ಅಕ್ಕಿ ತೊಳೆಯಲೂ ನೀರಿರಲಿಲ್ಲ. ಅವರು ಕಾರಿನ ಪಕ್ಕ ಬಗ್ಗಿ ಮೆಲ್ಲಗೆ ಕೇಳಿದರು, "ಎಷ್ಟೊತ್ತಾಗುತ್ತೆ ಬೇಟಾ? ನಿಜ ಹೇಳು."

"ಅರ್ಧ ಗಂಟೆ ಆಪಾ," ಎಂದ ಕಿರಣ. ಎಷ್ಟಾಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಟ್ಯಾಂಕರ್ ಓಡಿಸುವ ನಿತೀಶ್, ಪಕ್ಕದ ರಸ್ತೆಯಲ್ಲಿ ಅರ್ಧ ಲೋಡ್ ಇಳಿಸಿ ಬರುತ್ತೇನೆ, ಆಗಲೂ ಜಾಗ ಇರದಿದ್ದರೆ ಉಳಿದದ್ದೂ ಬೇರೆಯವರಿಗೆ ಹೋಗುತ್ತದೆ ಎಂದು ಹೇಳಿ ಹೋದ.

ಕಿರಣ ಮತ್ತೆ ಕಾರಿನಡಿ ನುಸುಳಿದ. ಗೇರ್‌ಬಾಕ್ಸಿನ ಬಾಯಿಗೆ ತೆಳುವಾದ ರಬ್ಬರಿನ ಸೀಲ್ ಇತ್ತು. ಆ್ಯಕ್ಸಲ್‌ನ ಹಲ್ಲು ಅದಕ್ಕೆ ಗೀರಿದರೆ ಆಯಿಲ್ ಸೋರುವುದು ಖಂಡಿತ. ಇನ್ನೊಂದು ಭಯ ಇದಕ್ಕಿಂತ ದೊಡ್ಡದು: ತುದಿಯಲ್ಲಿದ್ದ ತಂತಿಯ ಉಂಗುರ ಒಳಗೆ ಟಕ್ಕೆಂದು ಸಿಕ್ಕಿಕೊಳ್ಳದಿದ್ದರೆ, ಓಡುವ ಕಾರಿನಲ್ಲಿ ಆ್ಯಕ್ಸಲ್ ಜಾರಿಬರಬಹುದು. ಹಳೇ ಮದ್ರಾಸ್ ರಸ್ತೆಯ ಲಾರಿಗಳ ನಡುವೆ, ಪಕ್ಕದಲ್ಲಿ ಸುಜಾತಾ ಕೂತಿರುವಾಗ. ಬೆಳಗಿನಿಂದ ಅದೇ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಗೇರ್‌ಬಾಕ್ಸಿನ ಕಡೆಯ ತುದಿಯನ್ನು ನೇರ ಹಿಡಿದರೆ ಚಕ್ರದ ಕಡೆಯ ಭಾರವಾದ ತುದಿ ಜೋತುಬೀಳುತ್ತಿತ್ತು.

ಆ ತುದಿ ಇದ್ದಕ್ಕಿದ್ದಂತೆ ಹಗುರಾಯಿತು. ನೋಡಿದರೆ ಸುಜಾತಾ ನೆಲದ ಮೇಲೆ ಕೂತು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

"ಇದನ್ನ ನಾ ಹಿಡೀತೀನ್ರಿ. ನೀವು ಒಳಗಿಂದು ನೋಡ್ರಿ."

ಈ ಸಲ ಬೇಡವೆನ್ನಲು ಅವನಲ್ಲಿ ಶಕ್ತಿಯಿರಲಿಲ್ಲ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಎನ್ನುತ್ತಾ ಆ್ಯಕ್ಸಲ್ ತಿರುಗಿಸಿ ಹಲ್ಲಿಗೆ ಹಲ್ಲು ಕೂಡಿಸಿದ. ಅದು ಮುಕ್ಕಾಲು ಪಾಲು ಹೋಗಿ ನಿಂತಿತು. ನೂಕು ಎಂದ. ಅವಳು ಭುಜ ಕೊಟ್ಟು ನೂಕಿದಳು. ಅದೇ ಹೊತ್ತಿಗೆ ಗಲ್ಲಿಯ ತುದಿಯಲ್ಲಿ ಟ್ಯಾಂಕರ್ ಹಾರ್ನ್ ಹೊಡೆಯಿತು.

"ಟಕ್ ಅಂತೇನು?" ಎಂದು ಕೇಳಿದ.

"ಕೇಳಸಲಿಲ್ಲ. ಆದ್ರ ಕೈಗೆ ಏನೋ ಬಡದಂಗಾತು."

ಕಿರಣ ಹಿಡಿದು ಎಳೆದ, ಬರಲಿಲ್ಲ. ಜೋರಾಗಿ ಎಳೆದ, ಆಗಲೂ ಬರಲಿಲ್ಲ. ಆದರೂ ಅವನ ಮನಸ್ಸು ಒಪ್ಪಲಿಲ್ಲ.

ಉಳಿದದ್ದು ಸರಸರನೆ ನಡೆಯಿತು. ಸುಜಾತಾ ಚಕ್ರ ಕೂರುವ ಹಬ್ ಅನ್ನು ಹೊರಗೆ ಎಳೆದು ಹಿಡಿದಳು, ಅವನು ಆ್ಯಕ್ಸಲ್‌ನ ಹೊರತುದಿಯನ್ನು ಅದರೊಳಗೆ ತೂರಿಸಿ ಕೆಳಗಿನ ಬೋಲ್ಟ್ ಬಿಗಿದ. ಚಕ್ರಗಳು ಏರಿದವು, ಕಾರು ನೆಲಕ್ಕಿಳಿಯಿತು. ಅವಳು ಒಳಗೆ ಕೂತು ಬ್ರೇಕ್ ಒತ್ತಿದಳು, ಅವನು ಸ್ಪ್ಯಾನರಿಗೆ ಉದ್ದ ಪೈಪ್ ಸಿಕ್ಕಿಸಿ ಚಕ್ರದ ನಡುವಿನ ದೊಡ್ಡ ನಟ್ಟನ್ನು ಮೈಭಾರ ಹಾಕಿ ಬಿಗಿದ. ಗೇರ್‌ಬಾಕ್ಸಿಗೆ ಆಯಿಲ್ ಇನ್ನೂ ತುಂಬಿರಲಿಲ್ಲವಾದ್ದರಿಂದ ಸ್ಟಾರ್ಟ್ ಮಾಡುವಂತಿರಲಿಲ್ಲ. ಶ್ರೀನಿವಾಸ್ ಹಿಂದಿನಿಂದ ತಳ್ಳಿದರು, ನಿತೀಶ್ ಕೂಡ ಕೈ ಹಾಕಿದ. ಕಾರು ಗಲ್ಲಿಗೆ ಉರುಳಿತು, ಮುಚ್ಚಳ ತೆರೆಯಿತು, ಸಂಪಿಗೆ ಅರ್ಧ ಲೋಡ್ ನೀರು ಧುಮುಕಿತು. ಖುರ್ಷೀದಾ ಮೊದಲ ಬಿಂದಿಗೆಯನ್ನು ಪೈಪಿನ ಬಾಯಿಗೇ ಹಿಡಿದರು.

ಮಧ್ಯಾಹ್ನ ಆಯಿಲ್ ತುಂಬಿ ಇಬ್ಬರೂ ಕಗ್ಗದಾಸಪುರದ ಕಡೆಗೆ ಒಂದು ಸುತ್ತು ಹೋಗಿಬಂದರು. ರೇಡಿಯೊ ಹಾಕಲಿಲ್ಲ. ಪ್ರತಿ ತಿರುವಿನಲ್ಲೂ ಕಿರಣ ಕಿವಿಗೊಟ್ಟ. ಕಟಕಟ ನಿಂತಿತ್ತು, ಆ್ಯಕ್ಸಲ್ ಜಾರಲಿಲ್ಲ. ಸುಜಾತಾ ನಿರಾಳವಾಗಿ ಸೀಟಿಗೆ ಒರಗಿದಳು.

ಸಂಜೆ ಅವನು ಕಾರಿನಡಿ ರಟ್ಟು ಹಾಸಿಟ್ಟು ನೋಡಿದ. ಬಲಗಡೆಯಲ್ಲಿ ರೂಪಾಯಿಯಗಲದ ಕಲೆ. ಬೆರಳಿನಿಂದ ಮುಟ್ಟಿ ಮೂಸಿದ. ಆಯಿಲ್ಲೇ. ರಟ್ಟನ್ನು ಮಡಚಿ ಎಸೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಕ್ಷಣ ಮಡಚಲೂ ಹೋದ. ಆಮೇಲೆ ಅದನ್ನು ಹಾಗೇ ಮೇಲೆ ಒಯ್ದು ಹೆಂಡತಿಯ ಮುಂದೆ ಹಿಡಿದ.

"ಸೀಲ್ ಹರದದ. ನನ್ನ ಕೈಲೇನೇ ಆಗಿದ್ದು. ಮತ್ತ ಬಿಚ್ಚಬೇಕಾಗ್ತದ."

ಸುಜಾತಾ ಕಲೆಯನ್ನೂ ಅವನ ಮುಖವನ್ನೂ ನೋಡಿದಳು. "ಬಿಚ್ಚೋಣಂತ. ಮುಂಜಾನಿಂದ ನನ್ನ ಒಬ್ಬಾಕಿನ್ನ ಮಾತ್ರ ಮ್ಯಾಲ ಕೂಡಿಸಬ್ಯಾಡ್ರಿ," ಎಂದಳು.

ಸೋಮವಾರ ಅವನು ಬಸ್ಸಿನಲ್ಲಿ ಆಫೀಸಿಗೆ ಹೋದ. ಸಂಜೆ ಶಿವಾಜಿನಗರದ ಬಿಡಿಭಾಗಗಳ ಅಂಗಡಿಯಲ್ಲಿ ಸೀಲ್ ಕೇಳಿದಾಗ, ಅಂಗಡಿಯ ಜಿಯಾವುಲ್ಲಾ ಎಡಗಡೆಯದೋ ಬಲಗಡೆಯದೋ ಎಂದು ವಿಚಾರಿಸಿದರು. ಸಲೀಸಾಗಿ ಕೂತಿದ್ದ ಎಡಗಡೆಯ ಆ್ಯಕ್ಸಲ್ ಅವನ ಕಣ್ಣ ಮುಂದೆ ಬಂತು; ಅದನ್ನು ಕೂರಿಸುವಾಗ ಸೀಲಿನ ಕಡೆ ಗಮನವೇ ಕೊಟ್ಟಿರಲಿಲ್ಲ.

"ಎರಡೂ ಕೊಡಿ," ಎಂದ ಕಿರಣ.