ಅವ್ವನ ಕಾವಲಿ, ನನ್ನ ರೆಕ್ಕೆ

ಐವತ್ಮೂರು ಮೆಟ್ಟಿಲು. ನಮ್ಮೂರ ಸೆನೊತೆ ಅಂದರೆ ನೆಲ ಕುಸಿದು ಆದ ಆಳದ ನೀರಹೊಂಡ, ಅದರ ಬಾಯಿಂದ ಕೆಳಗಿನ ನೀರಿನ ಅಂಚಿನವರೆಗೆ ಲೆಕ್ಕ ಅಷ್ಟೇ. ಒಂಬತ್ತು ವರ್ಷ ಆ ಮೆಟ್ಟಿಲುಗಳ ಮೇಲೆ ನಾನು ಪರರು ನೀರೊಳಗೆ ಉಸಿರಾಡುವ ಗಾಳಿಯ ಸಿಲಿಂಡರ್ ಹೊತ್ತು ಇಳಿದಿದ್ದೇನೆ, ಹೊತ್ತು ಹತ್ತಿದ್ದೇನೆ. ಟೆಕ್ಸಾಸಿನವರು, ಮಿಲಾನಿನವರು, ಎಲ್ಲಿಯವರೋ, ನೀರೊಳಗಿನ ಗುಹೆ ಸುತ್ತಿ ಮೇಲೆ ಬಂದು, "ಮೈಗೆ ಭಾರವೇ ಇಲ್ಲದ ಹಾಗಿತ್ತು" ಎಂದು ಕಣ್ಣು ತುಂಬಿಕೊಳ್ಳುತ್ತಿದ್ದರು. ಇರಲೇಬೇಕಲ್ಲ. ಭಾರವೆಲ್ಲ ನನ್ನ ಹೆಗಲ ಮೇಲಿತ್ತು.

ಆ ಗುಹೆ ಇರುವುದು ನಮ್ಮ ಜೋಳದ ಹೊಲದ ಅಡಿಗೆ. ನಮ್ಮಜ್ಜಿ ಅದರ ನೀರನ್ನೇ ಸೇದಿ ಕುಡಿದು ಬದುಕಿದವಳು. ಆದರೆ ಗುಹೆ ತೋರಿಸುವ ಗೈಡುಗಳಲ್ಲಿ ನಮ್ಮೂರಿನವನೆಂದರೆ ನನ್ನ ಸೋದರಮಾವ ಎಲೆಉತೇರಿಯೊ ಒಬ್ಬ. ಹೆಂಗಸು? ಹೆಂಗಸು ಹೊರುವುದಕ್ಕೆ. ನಾನು ಡೈವಿಂಗ್ ಕಲಿತದ್ದು ಅತಿಥಿಗಳು ಬಿಟ್ಟುಹೋದ ಸಿಲಿಂಡರುಗಳ ತಳದಲ್ಲಿ ಉಳಿದ ಗಾಳಿಯಲ್ಲಿ. ದಿನಕ್ಕೆ ಎಂಟು ನಿಮಿಷ, ಹತ್ತು ನಿಮಿಷ. ಎಂಜಲು ಗಾಳಿಯಲ್ಲೇ ನಾಲ್ಕು ವರ್ಷ ಕಳೆದು, ಕೊನೆಗೆ ಡೈವಿಂಗ್ ಅಂಗಡಿಯ ಧಣಿ ಹೆಂಡ್ರಿಕ್ ಎದುರು ನಿಂತು, "ನಾನೂ ಗೈಡ್ ಆಗ್ತೀನಿ" ಅಂದೆ.

ಹೆಂಡ್ರಿಕ್ ಹಾಲೆಂಡಿನವನು, ಆರೂವರೆ ಅಡಿ ಎತ್ತರ. ತಾನು ಬಲು ನ್ಯಾಯವಂತ ಎಂದು ಅವನ ನಂಬಿಕೆ.

"ಆಗು ಫಿದೇಲಿಯಾ. ಶನಿವಾರ ಪರೀಕ್ಷೆ. ಎಲ್ಲರಿಗೂ ಇರೋ ನಿಯಮವೇ ನಿನಗೂ. ಬೆನ್ನಿನ ತಗಡು, ರೆಕ್ಕೆ ಎರಡನ್ನೂ ನೀನೇ ಆರಿಸ್ಕೋಬೇಕು, ಯಾಕೆ ಆರಿಸಿದೆ ಅಂತ ಹೇಳಬೇಕು. ಎರವಲು ಬೆನ್ನು ಹೊತ್ತವರಿಗೆ ಗುಹೆ ಇಲ್ಲ."

"ಫೇಲಾದರೆ?"

ಅವನು ಮೆಟ್ಟಿಲ ಕಡೆ ನೋಡಿದ. ಉತ್ತರ ಅಲ್ಲೇ ಇತ್ತು, ಐವತ್ಮೂರು.

ವಿಷಯ ದೊಡ್ಡದೇನಲ್ಲ. ಬೆನ್ನಿಗೊಂದು ಲೋಹದ ತಗಡು, ಅದನ್ನು ಮೈಗೆ ಬಿಗಿಯುವ ಪಟ್ಟಿ. ತಗಡಿಗೂ ಜೋಡಿ ಸಿಲಿಂಡರಿಗೂ ನಡುವೆ ಒಂದು ರಬ್ಬರ್ ಚೀಲ. ಅದಕ್ಕೆ ರೆಕ್ಕೆ ಅನ್ನುತ್ತಾರೆ. ಗಾಳಿ ತುಂಬಿದರೆ ಮೇಲೇಳುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಇಷ್ಟರ ಮೇಲೆ ಗಂಡಸರು ಅಂಗಡಿಯ ಬೆಂಚಿನಲ್ಲಿ ಕೂತು ಮಾಡುವ ಚರ್ಚೆಯ ಕಸುವನ್ನು ಬೇರೆ ಕಡೆ ಹರಿಸಿದ್ದರೆ ಒಂದು ಸರ್ಕಾರ ಬಿದ್ದಿರುತ್ತಿತ್ತು.

ಗೋಡೆಯ ಮೇಲೆ ಆರು ತಗಡು ತೂಗುತ್ತಿದ್ದವು. ಆರನ್ನೂ ಕಟ್ಟಿ ನೋಡಿದೆ. ಮೇಲಂಚು ತಲೆಯ ಹಿಂಬದಿಗೆ ಬಡಿಯಿತು, ಕೆಳಗಂಚು ಕೂರುವ ಜಾಗಕ್ಕೆ. ಕತ್ತೆತ್ತಿದರೆ ಠಣ್.

"ತಗಡು ಸರಿಯಾಗೇ ಇದೆ. ನೀನೇ ಗಿಡ್ಡ," ಅಂದ ಮಾವ.

"ತಗಡು ಮಾಡಿದೋನು ನನ್ನಂಥೋಳನ್ನ ನೋಡೇ ಇಲ್ಲ ಅನ್ನು ಮಾವ."

"ಅವನ್ಯಾಕೆ ನೋಡ್ತಾನೆ? ಇರಲಿ, ರೆಕ್ಕೆ ಮಾತ್ರ ದೊಡ್ಡದೇ ತಗೋ. ನನ್ನದು ನೋಡು, ಇಪ್ಪತ್ತೇಳು ಕಿಲೋ ಎತ್ತತ್ತೆ! ಹೆಚ್ಚಿದ್ರೆ ನಷ್ಟವೇನು?" ಎನ್ನುತ್ತ ಅವನು ತನ್ನ ರೆಕ್ಕೆಗೆ ಗಾಳಿ ಊದಿ ತೋರಿಸಿದ. ಹೆತ್ತ ಮಗನನ್ನು ಎತ್ತಿಕೊಂಡಾಗಲೂ ಅವನು ಅಷ್ಟು ಬೀಗಿರಲಿಲ್ಲ.

ಮನೆಗೆ ಹೋಗಿ ಅವ್ವನ ಮುಂದೆ ಗೋಳಾಡಿದೆ. ನಮ್ಮವ್ವ ಎದುವಿಹೆಸ್, ಸೆನೊತೆಯ ಬಾಗಿಲಲ್ಲಿ ತಿಂಡಿ ಗಾಡಿ ಇಟ್ಟವಳು. ಜೋಳದ ರೊಟ್ಟಿ, ಹಂದಿಮಾಂಸ, ಖಾರ. ಅವಳು ಗಾಡಿಯ ಅಡಿಯಿಂದ ಹಳೇ ಸ್ಟೀಲ್ ಕಾವಲಿ ಎಳೆದು ನನ್ನ ಬೆನ್ನಿಗಿಟ್ಟು ನೋಡಿದಳು.

"ನಡಿ, ಗೇಟಿನ ವಿಲ್ಫ್ರಿಡೊ ಹತ್ರ."

ಊರಿನ ಅರ್ಧ ಗೇಟುಗಳನ್ನು ಬೆಸುಗೆ ಹಾಕಿದವನು ವಿಲ್ಫ್ರಿಡೊ. ಡೈವಿಂಗ್ ಅವನಿಗೆ ಗೊತ್ತಿಲ್ಲ, ಅಳತೆ ಗೊತ್ತು. ನನ್ನನ್ನು ಗೋಡೆಗೆ ನಿಲ್ಲಿಸಿ, ಬಿಯರ್ ಪೆಟ್ಟಿಗೆಯ ರಟ್ಟನ್ನು ಬೆನ್ನಿಗೊತ್ತಿ, ಸೀಮೆಸುಣ್ಣದಿಂದ ಗೆರೆ ಎಳೆದ.

"ನೆಟ್ಟಗೆ ನಿಲ್ಲೇ," ಅವ್ವ ಗದರಿದಳು, "ಗೇಟು ಸೊಟ್ಟ ಆಗ್ತದೆ."

"ಈ ಎರಡು ತೂತು ಮಾತ್ರ ಕಂಪನಿ ಅಳತೆಗೇ ಇರ್ಲಿ ವಿಲ್ಫ್ರಿಡಣ್ಣ," ಅಂದೆ. "ಸಿಲಿಂಡರಿನ ಬೋಲ್ಟು ಅಲ್ಲೇ ಕೂರಬೇಕು."

"ತೂತು ಅವರದು, ಬೆನ್ನು ನಿನ್ನದು. ಆಯ್ತು ಬಿಡು."

ಕಾವಲಿಯನ್ನು ಆ ಗೆರೆಗೆ ಸರಿಯಾಗಿ ಕತ್ತರಿಸಿ, ಸಪೋಟ ಮರದ ದಿಮ್ಮಿಯ ಮೇಲಿಟ್ಟು ನಡುವಿನ ಮಡಿಕೆ ಬಡಿದ. ಅಂಗಡಿ ತಗಡಿನ ಎರಡರಷ್ಟು ದಪ್ಪ. ಒಳ್ಳೆಯದೇ ಆಯಿತು, ಮುಳುಗಲೆಂದು ಸೊಂಟಕ್ಕೆ ಸೀಸದ ಗುಂಡು ಕಟ್ಟುವ ಕೆಲಸ ತಪ್ಪಿತು. ತಲೆಗೂ ಬಡಿಯಲಿಲ್ಲ, ಕೆಳಗೂ ಬಡಿಯಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಅಳತೆಗೆ ಒಂದು ವಸ್ತು ಆಗಿತ್ತು.

ರೆಕ್ಕೆ ಮಾತ್ರ ಅಂಗಡಿಯದೇ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿಕೊಂಡೆ. ಹದಿನೈದು ಕಿಲೋ ಎತ್ತುವಂಥದ್ದು.

ಮಾವ ಹೊಟ್ಟೆ ಹಿಡಿದು ನಕ್ಕ. "ಅದು ರೆಕ್ಕೆಯಲ್ಲ ಕಣೇ, ತೊಟ್ಟಿಲ ದಿಂಬು!"

ಶನಿವಾರ ಬೆಳಗ್ಗೆ ಹೆಂಡ್ರಿಕ್ ನೀರಂಚಿನ ಕಟ್ಟೆಯ ಮೇಲೆ ಕೂತು ಕಾಗದ ತೆಗೆದ. ತಗಡನ್ನು ತಿರುಗಿಸಿ ನೋಡಿದ, ಮೂಸಿದ. ಮತ್ತೊಮ್ಮೆ ಮೂಸಿದ.

"ಇಷ್ಟು ಚಿಕ್ಕ ರೆಕ್ಕೆ ಯಾಕೆ?"

"ತುಂಬಿದ ಸಿಲಿಂಡರ್ ಇಳಿಸ್ತೀನಿ, ಖಾಲಿದು ಹತ್ತಿಸ್ತೀನಿ ಧಣಿ. ನಡುವೆ ನೀವೆಲ್ಲ ಉಸಿರಾಡಿ ಕಳೆದದ್ದು ಒಂದಕ್ಕೆ ಎರಡೂವರೆ ಕಿಲೋಗಿಂತ ತುಸು ಹೆಚ್ಚು. ಎರಡಕ್ಕೆ ಐದೂ ಕಾಲು. ಆಳದಲ್ಲಿ ಮೈಮೇಲಿನ ರಬ್ಬರ್ ಸೂಟು ಹಿಂಡಿಹೋಗಿ ತೇಲಿಸೋದು ಬಿಡೋದಕ್ಕೆ ನಾಲ್ಕು. ರೆಕ್ಕೆ ಎತ್ತಬೇಕಾದ್ದು ಹತ್ತರೊಳಗಾಯ್ತು. ಮಿಕ್ಕ ಐದು ಗ್ರಹಚಾರಕ್ಕೆ."

"ಯಾವ ಪುಸ್ತಕದಲ್ಲಿದೆ ಇದು?"

"ಹೆಗಲಲ್ಲಿ."

ಅವನಿಗೆ ನಂಬಿಕೆ ಬರಲಿಲ್ಲ. ಪ್ರವಾಸಿಗರ ಪೆಟ್ಟಿಗೆ ತೂಗುವ ತಕ್ಕಡಿ ತರಿಸಿ, ತುಂಬಿದ ಸಿಲಿಂಡರ್ ತೂಗಿದ, ಖಾಲಿದು ತೂಗಿದ. ಎರಡು ಕಿಲೋ ಆರುನೂರು ಗ್ರಾಂ. ಇಪ್ಪತ್ತು ವರ್ಷ ಗಾಳಿ ಮಾರಿದ ಮನುಷ್ಯ, ಅದರ ತೂಕವನ್ನು ಅಂದು ಮೊದಲ ಸಲ ಕೈಯಾರೆ ತಿಳಿದ. ಕಾಗದದಲ್ಲಿ ಏನೋ ಗೀಚಿ, "ನೀರಿಗೆ ಇಳಿ" ಅಂದ.

ಪರೀಕ್ಷೆ ಇಷ್ಟು. ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಿರಬೇಕು. ಖಾಲಿ ಸಿಲಿಂಡರು ನೀರಿನಲ್ಲಿ ಬೆಂಡಿನ ಹಾಗೆ ಮೇಲಕ್ಕೆ ಜಗ್ಗುತ್ತದೆ. ಆ ಸ್ಥಿತಿಯಲ್ಲಿ ಮೂರು ಮೀಟರ್ ಆಳದಲ್ಲಿ ಹತ್ತು ನಿಮಿಷ ಅಡ್ಡಡ್ಡ ಮಲಗಿದ ಹಾಗೆ ಅಲುಗದೆ ಇರಬೇಕು. ಒಂದು ಮೊಳ ಏರಿದರೆ ಫೇಲು, ಇಳಿದರೂ ಫೇಲು. ಜೊತೆಗಾರ ಎಲೆಉತೇರಿಯೊ ಮಾವ. ಅವನೂ ಖಾಲಿಯಾಗುತ್ತ ಬಂದ ಸಿಲಿಂಡರು ಕಟ್ಟಿದ್ದ, ಬೆನ್ನ ಮೇಲೆ ಆ ದೊಡ್ಡ ರೆಕ್ಕೆ.

ಎರಡು ನಿಮಿಷ ಚೆನ್ನಾಗಿತ್ತು. ಮೂರನೆಯದಕ್ಕೆ ಬೆನ್ನಿಗೆ ಏನೋ ಚುಚ್ಚಿತು. ಇನ್ನೊಂದು. ಕುತ್ತಿಗೆಗೆ, ಕಂಕುಳಿಗೆ. ಕಣ್ಣು ಹೊರಳಿಸಿದರೆ ಸೆನೊತೆಯ ಮೀನುಗಳೆಲ್ಲ, ಬೆರಳುದ್ದದವು, ನೂರಾರು, ನನ್ನ ಬೆನ್ನಿಗೆ ಮುತ್ತಿವೆ.

ಅವ್ವ! ಹೊಸ ಕಾವಲಿಯನ್ನು ಮೊದಲ ಸಲ ಒಲೆಗೇರಿಸುವ ಮುಂಚೆ ಹಂದಿ ಕೊಬ್ಬು ತಿಕ್ಕಿ ಹದ ಮಾಡುವುದು ಅವಳ ಪದ್ಧತಿ. ಕಾವಲಿ ಬೆನ್ನಿಗೇರಿದರೂ ಅವಳಿಗೆ ಅದು ಕಾವಲಿಯೇ. ನನಗೆ ತಿಳಿಯದ ಹಾಗೆ, ಎರಡೂ ಮಗ್ಗುಲು, ತೂತಿನೊಳಗೂ ಬಿಡದೆ ತಿಕ್ಕಿದ್ದಳು.

ಕಚಗುಳಿ ತಡೆಯಲಾಗಲಿಲ್ಲ. ನಕ್ಕರೆ ಮುಖವಾಡಕ್ಕೆ ನೀರು ನುಗ್ಗುತ್ತದೆ, ಕೈ ಬೀಸಿದರೆ ಅಲುಗುತ್ತೇನೆ. ಹಲ್ಲು ಕಚ್ಚಿದೆ. ಐವತ್ಮೂರು ಮೆಟ್ಟಿಲನ್ನು ಮನಸ್ಸಿನಲ್ಲಿ ಒಂದೊಂದಾಗಿ ಹತ್ತತೊಡಗಿದೆ. ಹದಿನೇಳನೆಯದು ಅಲುಗಾಡುವಂಥದ್ದು. ಮೂವತ್ತನೆಯದರಲ್ಲಿ ಎಡವಿ ಕಾಲಿನ ಉಗುರು ಹೋಗಿತ್ತು. ಮೀನು ಕಿವಿಯ ಹಿಂದೆ ಮುತ್ತಿಟ್ಟಿತು. ಮೂವತ್ತೊಂದು.

ಮಾವನಿಗೆ ನನ್ನ ಮೇಲೆ ಕರುಣೆ ಉಕ್ಕಿತು. ಪಾಪ, ಒಳ್ಳೆಯವನೇ. ಮೀನು ಓಡಿಸಲು ಎರಡೂ ಕೈ ಬೀಸುತ್ತ ಬಾಗಿದ. ಬಾಗಿದ್ದೇ ತಡ, ಅಷ್ಟಗಲದ ರೆಕ್ಕೆಯೊಳಗಿದ್ದ ಗಾಳಿಯೆಲ್ಲ ಬುಳಬುಳನೆ ಸೊಂಟದ ಕಡೆಗೆ ಹರಿಯಿತು. ಅವನ ಕಾಲು ಮೇಲಾಯಿತು, ತಲೆ ಕೆಳಗಾಯಿತು. ಗಾಳಿ ಬಿಡುವ ದಾರಕ್ಕಾಗಿ ತಡಕಾಡಿದ. ಅಷ್ಟರಲ್ಲಿ ರೆಕ್ಕೆಯ ಎರಡು ಅಂಚೂ ಸಿಲಿಂಡರುಗಳ ಸುತ್ತ ರೊಟ್ಟಿಯಂತೆ ಮಡಚಿಕೊಂಡಿದ್ದವು. ಹೆಚ್ಚಿದ್ದರೆ ನಷ್ಟವೇನು ಎಂದಿದ್ದ ನನ್ನ ಮಾವ, ಪಾದ ಮುಂದಾಗಿ ಸ್ವರ್ಗಕ್ಕೆ ಹೊರಟ. ಮೂರು ಮೀಟರಿನ ಸ್ವರ್ಗ, ಏಟೇನೂ ಆಗಲಿಲ್ಲ. ಅರ್ಧ ಮೀನುಗಳು ಗೌರವದಿಂದ ಅವನನ್ನು ಬೀಳ್ಕೊಟ್ಟು ವಾಪಸು ನನ್ನ ಕೊಬ್ಬಿಗೆ ಬಂದವು.

ನಾನು ಅಲುಗಲಿಲ್ಲ. ಐವತ್ಮೂರು ಮುಗಿಸಿ ಮತ್ತೆ ಒಂದರಿಂದ ಶುರುಮಾಡಿದ್ದೆ. ಹೆಂಡ್ರಿಕ್ ನೀರಿಗಿಳಿದು ಬಂದು ಭುಜ ತಟ್ಟಿದಾಗ ಹನ್ನೆರಡು ನಿಮಿಷವಾಗಿತ್ತು. ಮೀನು ನೋಡುತ್ತ ಗಡಿಯಾರ ಮರೆತಿದ್ದನಂತೆ.

ಕಟ್ಟೆಯ ಮೇಲೆ ಅವನು ಕಾಗದಕ್ಕೆ ಸಹಿ ಹಾಕಿದ. "ಪಾಸು. ಸೋಮವಾರದಿಂದ ನೀನು ಗೈಡು." ಆಮೇಲೆ ಹಣೆ ಸುಕ್ಕಾಯಿತು. "ಆದರೆ... ಸಿಲಿಂಡರ್ ಹೊರೋರು ಯಾರು?"

ಮೆಟ್ಟಿಲ ತುದಿಯಿಂದ ಅವ್ವನ ಕೂಗು ಬಂತು: "ನಿನಗೂ ಬೆನ್ನಿದೆಯಲ್ಲಪ್ಪಾ! ಆರೂವರೆ ಅಡಿ!"

ಸೋಮವಾರ ನನ್ನ ಮೊದಲ ಶಿಷ್ಯರು ಬಂದರು, ಡಲ್ಲಾಸಿನ ಗಂಡ ಹೆಂಡತಿ. ಕೈಯಲ್ಲಿ ಬಣ್ಣದ ಕ್ಯಾಟಲಾಗು. "ಯಾವ ರೆಕ್ಕೆ ತಗೋಬೇಕು ಮೇಡಂ?"

"ಕ್ಯಾಟಲಾಗು ಗಾಡಿ ಹತ್ತಿರ ಇಡಿ. ತುಂಬಿದ ಸಿಲಿಂಡರು ಹೊತ್ತು ಇಳಿಸಿ, ಖಾಲಿಯವನ್ನ ಹತ್ತಿಸಿ. ಸಂಜೆ ನೀವೇ ನನಗೆ ಹೇಳ್ತೀರಿ."

ಅವರ ಹಿಂದೆಯೇ ಒಂದು ಸಿಲಿಂಡರು ತಬ್ಬಿಕೊಂಡು ಹೆಂಡ್ರಿಕ್ ಇಳಿಯುತ್ತಿದ್ದ. ಹದಿನೇಳನೆಯ ಮೆಟ್ಟಿಲು ಅಲುಗಿದ ಸದ್ದು, ಡಚ್ ಭಾಷೆಯ ಒಂದು ಬೈಗುಳ. ಮರುದಿನವೇ ಆ ಮೆಟ್ಟಿಲಿಗೆ ಹೊಸ ಹಲಗೆ ಬಿತ್ತು. ಒಂಬತ್ತು ವರ್ಷ ನಾನು ಕೇಳಿಕೊಂಡಿದ್ದ ಹಲಗೆ.

ಮಾವ ಗಾಡಿಯ ಹತ್ತಿರ ಸುಳಿದಾಡಿದ, ಕೆಮ್ಮಿದ, ಕೊನೆಗೆ ಅವ್ವನ ಕಿವಿಯಲ್ಲಿ ಕೇಳಿದ:

"ಅಕ್ಕಾ, ಆ ಕಾವಲಿದು ಉಳಿದ ತುಂಡು ಇದೆಯೇನೇ?"

"ಇದೆ," ಅವ್ವ ರೊಟ್ಟಿ ತಿರುವುತ್ತ ಮೆಟ್ಟಿಲ ಕಡೆ ಗಲ್ಲ ತೋರಿಸಿದಳು. "ಮೊದಲು ಸಿಲಿಂಡರು ಹೊತ್ತು ಬಾ."