ಎರಡು ಗಂಟೆಗೊಮ್ಮೆ

ಮಂಚದ ಕಾಲ್ದೆಸೆಯಲ್ಲಿ ದಾರ ಕಟ್ಟಿ ತೂಗುಹಾಕಿದ ಒಂದು ಚೀಟಿ. ಅದರಲ್ಲಿ ಎರಡೆರಡು ಗಂಟೆಗೊಂದು ಚೌಕ: ಎಡ, ಬಲ, ಅಂಗಾತ. ರೋಗಿಯನ್ನು ಹೊರಳಿಸಿದವರು ಆ ಚೌಕದೊಳಗೆ ಸಹಿ ಹಾಕಬೇಕು. ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಗ ನನ್ನ ಹಗಲೆಲ್ಲ ಇಂಥ ಚೀಟಿಗಳ ನಡುವೆಯೇ ಕಳೆಯುತ್ತಿತ್ತು.

ಒಂಬತ್ತನೆಯ ಮಂಚದಲ್ಲಿ ಮೈಲಾರಪ್ಪನೆಂಬ ಗೌಂಡಿ ಮಲಗಿದ್ದ. ಕಟ್ಟುತ್ತಿದ್ದ ಮನೆಯ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಸೊಂಟದಿಂದ ಕೆಳಗೆ ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಹೆಂಡತಿ ದ್ಯಾಮವ್ವ ದಿನವಿಡೀ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ನಲವತ್ತು ರೋಗಿಗಳ ವಾರ್ಡಿಗೆ ನಾವು ಮೂವರು: ರೇವಮ್ಮ ಸಿಸ್ಟರ್, ನಾನು, ನನ್ನ ಸಹಪಾಠಿ ಲತೀಫಾ.

ಮೊದಲ ವಾರ ತಪ್ಪದೆ ಹೊರಳಿಸಿದೆವು. ಪ್ರತಿ ಸಲವೂ ಮುರಿದ ಬೆನ್ನಿನ ನೋವಿಗೆ ಅವನು ಹಲ್ಲು ಕಚ್ಚಿ ನರಳುತ್ತಿದ್ದ. ಒಂದು ದಿನ ನನ್ನ ಕೈ ಹಿಡಿದು, "ಯವ್ವಾ, ಇವತ್ತೊಂದಿನ ಬಿಟ್ಟುಬಿಡವ್ವಾ. ಜೀವ ಹೋಗಾಕತ್ತೈತಿ," ಎಂದ. ಅತ್ತ ಇನ್ನೊಬ್ಬರಿಗೆ ರಕ್ತದ ಬಾಟಲಿ ಹಚ್ಚಬೇಕಿತ್ತು. ಕನಿಕರವೋ ಅವಸರವೋ, ಬಿಟ್ಟೆ. ಚೌಕದಲ್ಲಿ ಮಾತ್ರ ಸಹಿ ಹಾಕಿದೆ. ಮರುದಿನ ಅದು ಇನ್ನೂ ಸುಲಭವಾಯಿತು.

ಅದೇ ವಾರ ಯಾರೋ ಸಂಶೋಧಕರು ಕಾಲೇಜಿಗೆ ಬಂದು ಪ್ರಶ್ನಾವಳಿ ಹಂಚಿದರು. ಹೊರಳದೆ ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಆಗುವ ಹಾಸಿಗೆ ಹುಣ್ಣು ಮೊದಲು ಎಲ್ಲಿ ಕಾಣುತ್ತದೆ, ತಡೆಯುವುದು ಹೇಗೆ? ನನಗೆ ಎಲ್ಲ ಗೊತ್ತಿತ್ತು. 'ಇದನ್ನು ತಡೆಯುವುದು ದಾದಿಯ ಹೊಣೆ' ಎಂಬಲ್ಲಿ 'ಸಂಪೂರ್ಣ ಒಪ್ಪುತ್ತೇನೆ' ಎಂದು ಗುರುತು ಹಾಕಿದೆ. ತರಗತಿಯಲ್ಲಿ ನನಗೇ ಹೆಚ್ಚು ಅಂಕ. ಸುಳ್ಳು ಬರೆದಿರಲಿಲ್ಲ, ನಿಜವಾಗಿಯೂ ಒಪ್ಪಿದ್ದೆ.

ಮುಂದಿನ ಸೋಮವಾರ ಹಾಸು ಬದಲಿಸಲೆಂದು ಹೊರಳಿಸಿದಾಗ ನಾತ ಬಡಿಯಿತು. ಸೊಂಟದ ಕೆಳಗೆ ಅಂಗೈಯಗಲ ಚರ್ಮ ಕಪ್ಪಾಗಿ ನಡುವೆ ಬಿರಿದಿತ್ತು. ರೇವಮ್ಮ ಸಿಸ್ಟರ್ ಚೀಟಿ ಎತ್ತಿ ನೋಡಿದರು. ಚೌಕಗಳೆಲ್ಲ ತುಂಬಿದ್ದವು. ನನ್ನ ಸಹಿಯಷ್ಟೇ ಅಲ್ಲ, ಲತೀಫಾಳದೂ ಇತ್ತು, ಸಿಸ್ಟರ್ ಅವರದೂ ಇತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಡ್ರೆಸ್ಸಿಂಗ್ ತಟ್ಟೆ ತಗೊಂಬಾ," ಎಂದಷ್ಟೇ ಸಿಸ್ಟರ್ ಹೇಳಿದರು.

ತೊಳೆದೆವು, ಕಟ್ಟಿದೆವು, ಗಡಿಯಾರ ನೋಡಿ ನೋಡಿ ಹೊರಳಿಸಿದೆವು. ಹುಣ್ಣು ಒಳಗೊಳಗೇ ಇಳಿದು ಎಲುಬು ಕಂಡಿತು. ಜ್ವರ ಏರಿದ್ದು ಇಳಿಯಲಿಲ್ಲ. ಕೊನೆಗೆ ಡಾಕ್ಟರು ದ್ಯಾಮವ್ವನನ್ನು ಹೊರಗೆ ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗುವುದೇ ಒಳ್ಳೆಯದೆಂದರು.

ಹೊರಡುವ ಮುನ್ನ ಅವಳಿಗೆ ನಾನು ಹೊರಳಿಸುವ ಬಗೆ ತೋರಿಸಿದೆ. ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ, ಬೆನ್ನಿಗೆ ದಿಂಬಿನ ಆಸರೆ. ಒಂದೇ ಸಲಕ್ಕೆ ಕಲಿತಳು. ಆಮೇಲೆ ಮೆಲ್ಲಗೆ ಕೇಳಿದಳು:

"ಇಷ್ಟ ಏನವ್ವಾ? ಮೊದಲ ಹೇಳಿದ್ರ ನಾನ ಮಾಡ್ತಿದ್ನೆಲ್ಲ. ದಿನಾ ಇಲ್ಲೇ ಸುಮ್ನ ಕುಂತಿದ್ನೆಲ್ಲವ್ವಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಲಿಗಾದರೂ ಬೀಳುತ್ತಿದ್ದೆ. ಬೆನ್ನಿಗಿಡುವ ದಿಂಬನ್ನು ಅವಳ ಕೈಗೆ ಕೊಟ್ಟೆ.

ಅವರನ್ನು ಹೊತ್ತ ಟೆಂಪೊ ಆಸ್ಪತ್ರೆಯ ಗೇಟು ದಾಟುತ್ತಿತ್ತು. ಹಿಂದಿನ ತೆರೆದ ಬಾಗಿಲಲ್ಲಿ ದ್ಯಾಮವ್ವ ಮಂಡಿಯೂರಿ, ಹಳ್ಳದಿಣ್ಣೆಯ ಕುಲುಕಾಟದಲ್ಲೂ ಎಚ್ಚರಿಕೆಯಿಂದ, ಗಂಡನನ್ನು ಮೆಲ್ಲಗೆ ಎಡಮಗ್ಗುಲಿಗೆ ವಾಲಿಸುತ್ತಿದ್ದಳು.